ದೊಡ್ಡ ರೈಫಲ್‌ಗೆ .22 ಕಿಟ್ ಹಾಕಿಸಬಹುದಾ? ಕಾಡಂಚಿನ ಬಂದೂಕುದಾರರು, ಲೇತ್ ಅಂಗಡಿಯವರು ತಿಳಿದಿರಬೇಕಾದ ಸಂಗತಿ

ಹನೂರು: ರಾತ್ರಿ ಜೋಳದ ಹೊಲದ ಅಟ್ಟಣೆ ಮೇಲೆ ಕಾವಲು. ಕೈಯಲ್ಲಿ ಟಾರ್ಚು, ಪಕ್ಕದಲ್ಲಿ ತಮಟೆ, ನಿದ್ದೆ ಬರದಿರಲಿ ಅಂತ ಮೊಬೈಲು. ಮೊಬೈಲಿನಲ್ಲಿ ಒಂದು ವಿಡಿಯೊ ಓಡುತ್ತೆ. ಯಾರೋ ವಿದೇಶದವನು ದೊಡ್ಡ ರೈಫಲ್‌ನ ಒಳಭಾಗ ಬಿಚ್ಚಿ, ಅದೇ ಜಾಗಕ್ಕೆ ಒಂದು ಸಣ್ಣ ಕಿಟ್ ಕೂರಿಸಿ, ಕಡ್ಡಿಯಷ್ಟು ದಪ್ಪದ .22 ತೋಟಾ ಹಾಕಿ ಟಪ್ ಟಪ್ ಅಂತ ಹೊಡೆಯುತ್ತಾನೆ. ಸದ್ದು ಕಮ್ಮಿ, ಖರ್ಚು ಕಮ್ಮಿ. ನೋಡಿದವರಿಗೆ ಅನ್ನಿಸೋದು ಒಂದೇ: "ಅಣ್ಣೋ, ಇದ ನಮ್ ಬಂದೂಕ್ಗೂ ಹಾಕುಸ್ಬುಟ್ರೆ ಆಯ್ತದಲ್ವಾ?"

ಉತ್ತರ ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಗಲ್ಲ. ನಮ್ಮ ದೇಶದ ಕಾನೂನಿನಲ್ಲಿ ಅದು ಬಂದೂಕಿಗೆ ಹಾಕುವ ಅಲಂಕಾರದ ಸಾಮಾನಲ್ಲ, ಬಂದೂಕನ್ನೇ ಬದಲಿಸುವ ಕೆಲಸ. ಪರವಾನಗಿ ಇಲ್ಲದೆ ಮಾಡಿದರೆ ಕನಿಷ್ಠ 7 ವರ್ಷ ಜೈಲು. ಮಾಡಿಸಿಕೊಂಡವರಷ್ಟೇ ಅಲ್ಲ, ಮಾಡಿಕೊಟ್ಟ ಲೇತ್ ಅಂಗಡಿಯವರೂ ಅದೇ ಕಲಮಿನಲ್ಲಿ ಬರುತ್ತಾರೆ. ಯಾಕೆ, ಹೇಗೆ ಎಂಬ ವಿವರ ಇಲ್ಲಿದೆ.

ಮೊದಲು ತೋಟಾ ವಿಷಯ

ತೋಟಾಗಳಲ್ಲಿ ಎರಡು ಜಾತಿ. ಒಂದು ಸೆಂಟರ್‌ಫೈರ್, ಇನ್ನೊಂದು ರಿಮ್‌ಫೈರ್.

ಸೆಂಟರ್‌ಫೈರ್ ತೋಟಾದ ಹಿಂಭಾಗ ತಿರುಗಿಸಿ ನೋಡಿದರೆ ನಡುವೆ ಬಟ್ಟಲಿನಂಥ ಒಂದು ಸಣ್ಣ ಕೇಪು ಕಾಣುತ್ತೆ. ಕುದುರೆ ಎಳೆದಾಗ ಬಂದೂಕಿನ ಪಿನ್ನು ಆ ಕೇಪಿನ ನಡುವಿಗೆ ಬಡಿಯುತ್ತೆ, ಕಿಡಿ ಹತ್ತಿ ಒಳಗಿನ ಮದ್ದು ಉರಿಯುತ್ತೆ. ಪೊಲೀಸರ .303, ಸಾರ್ವಜನಿಕರಿಗೆ ಸಿಗುವ .315 ರೈಫಲ್, 12 ಬೋರ್ ತೋಟಾ ಎಲ್ಲವೂ ಇದೇ ಜಾತಿ.

ರಿಮ್‌ಫೈರ್ ತೋಟಾದಲ್ಲಿ ಬೇರೆ ಕೇಪು ಇರಲ್ಲ. ಹಿಂಭಾಗದ ಅಂಚಿನ ಸುತ್ತ, ತಗಡಿನ ಮಡಿಕೆಯೊಳಗೇ ಕಿಡಿ ಮದ್ದು ಸವರಿರುತ್ತಾರೆ. ಪಿನ್ನು ಬಡಿಯೋದು ನಡುವಿಗಲ್ಲ, ಅಂಚಿಗೆ. ಅಂಚಿನ ತಗಡು ನಜ್ಜಾದಾಗ ಮದ್ದು ಹತ್ತುತ್ತೆ. ಅಂಚು ನಜ್ಜಾಗಬೇಕು ಅಂದ್ರೆ ತಗಡು ತೆಳುವಾಗಿರಬೇಕು. ತಗಡು ತೆಳು ಆದ್ದರಿಂದ ಅದಕ್ಕೆ ಹೆಚ್ಚು ಒತ್ತಡ ತಡೆಯೋ ಶಕ್ತಿ ಇಲ್ಲ. ಹಾಗಾಗಿ ಇವತ್ತು ಓಡುವ ರಿಮ್‌ಫೈರ್ ಹೆಚ್ಚಾಗಿ ಸಣ್ಣ ತೋಟಾ. ಇವತ್ತು ಲೋಕದಲ್ಲೆಲ್ಲ ಓಡುವ .22 ಲಾಂಗ್ ರೈಫಲ್ ತೋಟಾ ಬಂದದ್ದು 1887ರಲ್ಲಿ.

.22 ಅಂದ್ರೆ ಒಂದು ಇಂಚಿನ ನೂರು ಭಾಗದಲ್ಲಿ 22 ಭಾಗ, ಸುಮಾರು 5.6 ಮಿ.ಮೀ. ಅದರ ಗುಂಡಿನ ತೂಕ ಸಾಮಾನ್ಯವಾಗಿ 40 ಗ್ರೇನ್, ಅಂದರೆ ಎರಡೂವರೆ ಗ್ರಾಂ ಚಿಲ್ಲರೆ. .303 ಗುಂಡಿನ ತೂಕ 174 ಗ್ರೇನ್, ಅಂದರೆ 11 ಗ್ರಾಂ ಮೇಲೆ. ಹೊಡೆತದ ಬಲದಲ್ಲಿ .303 ಹದಿನೈದು ಪಟ್ಟಿಗೂ ಹೆಚ್ಚು.

ಹಾಗಂತ .22 ಆಟಿಕೆ ಅಲ್ಲ. ಎತ್ತರಿಸಿ ಹಿಡಿದು ಹೊಡೆದ .22 ಗುಂಡು ಒಂದೂವರೆ ಕಿ.ಮೀ. ದೂರದಲ್ಲೂ ಜನಕ್ಕೆ ಪೆಟ್ಟು ಮಾಡಬಲ್ಲದು. ಒಂದು ಹೊಲದಿಂದ ಮುಂದಿನ ದೊಡ್ಡಿಗೆ ಇರುವ ದೂರ ಅದಕ್ಕಿಂತ ಕಮ್ಮಿ.

ಕಿಟ್ ಅಂದ್ರೆ ಏನು?

ದೊಡ್ಡ ಸೆಂಟರ್‌ಫೈರ್ ರೈಫಲ್‌ನಲ್ಲಿ ಸಣ್ಣ .22 ರಿಮ್‌ಫೈರ್ ತೋಟಾ ಹೊಡೆಯಲು ಮಾಡಿಕೊಳ್ಳುವ ಏರ್ಪಾಡಿಗೆ ಕನ್ವರ್ಷನ್ ಕಿಟ್ ಅಂತ ಹೆಸರು. ಉದ್ದೇಶ ಅಭ್ಯಾಸ. ದೊಡ್ಡ ತೋಟಾ ದುಬಾರಿ, ಒದೆತ ಜಾಸ್ತಿ, ಸದ್ದು ಜಾಸ್ತಿ, ಹೊಡೆಯಲು ದೊಡ್ಡ ಮೈದಾನ ಬೇಕು. ಅದೇ ಬಂದೂಕು, ಅದೇ ತೂಕ, ಅದೇ ಹಿಡಿತದಲ್ಲಿ ಸಣ್ಣ ತೋಟಾ ಹೊಡೆದರೆ ಕೈ ಪಳಗುತ್ತೆ, ಖರ್ಚು ಉಳಿಯುತ್ತೆ.

ವಿಡಿಯೊಗಳಲ್ಲಿ ಹೆಚ್ಚಾಗಿ ಕಾಣೋದು ಅಮೆರಿಕದ ಎಆರ್-15 ಮಾದರಿಯ ರೈಫಲ್. ಅದರಲ್ಲಿ ಕಿಟ್ ಅಷ್ಟು ಸಲೀಸಾಗಿ ಕೂರಲು ಒಂದು ಕಾರಣ ಇದೆ. ಅದು ಹೊಡೆಯುವ .223 ತೋಟಾದ ಗುಂಡೂ, .22 ತೋಟಾದ ಗುಂಡೂ ದಪ್ಪದಲ್ಲಿ ಹೆಚ್ಚುಕಮ್ಮಿ ಒಂದೇ. ಹಾಗಾಗಿ ನಳಿಗೆ ಬದಲಿಸುವ ಅಗತ್ಯವೇ ಬೀಳಲ್ಲ. ಅಮೆರಿಕದ ಸೇನೆ ಕೂಡ ತನ್ನ ಎಂ16 ರೈಫಲ್‌ಗೆ ಎಂ261 ಎಂಬ ಕಿಟ್ ಇಟ್ಟುಕೊಂಡು ಸೈನಿಕರಿಗೆ ಕಡಿಮೆ ಖರ್ಚಿನಲ್ಲಿ ತಾಲೀಮು ಕೊಟ್ಟಿದೆ.

ಆದರೆ ಅಲ್ಲೂ ಅದು ಪೂರ್ತಿ ಸಲೀಸಲ್ಲ. .22 ಗುಂಡು ಬಹುತೇಕ ಬರೀ ಸೀಸದ್ದು. ನಳಿಗೆಯಲ್ಲಿ ಸೀಸ, ಮಸಿ ಕಟ್ಟಿಕೊಳ್ಳುತ್ತೆ. ಗುರಿ ಅಷ್ಟು ಕರಾರುವಾಕ್ಕಾಗಿ ಬರಲ್ಲ. ಒಂದು ಕಾಲುಪೆಟ್ಟಿಗೆ ತೋಟಾ ಹೊಡೆದರೆ ಕೂತು ತೊಳೆಯಬೇಕು. ವಿಡಿಯೊದಲ್ಲಿ ಇದನ್ನ ತೋರಿಸೋದು ಕಮ್ಮಿ.

ಅದಕ್ಕಿಂತ ಮುಖ್ಯ ಮಾತು ಬೇರೆ ಇದೆ. ಎಆರ್-15 ತಾನೇ ತುಂಬಿಕೊಳ್ಳುವ, ಅಂದರೆ ಸೆಮಿ ಆಟೊಮ್ಯಾಟಿಕ್ ರೈಫಲ್. ಭಾರತದಲ್ಲಿ ಅಂಥ ರೈಫಲ್ ಜನಸಾಮಾನ್ಯರ ಪರವಾನಗಿಗೆ ಸಿಗೋದೇ ಇಲ್ಲ. ಕಿಟ್ ಯಾವ ಬಂದೂಕಿಗೋ ಆ ಬಂದೂಕೇ ಇಲ್ಲಿಲ್ಲ.

ಇದೇನು ಹೊಸದಲ್ಲ

ದೊಡ್ಡ ಬಂದೂಕನ್ನು ಸಣ್ಣ ತೋಟಾಕ್ಕೆ ಬದಲಿಸುವ ಕೆಲಸ ನಮ್ಮ ದೇಶದಲ್ಲಿ ನೂರು ವರ್ಷದಿಂದ ನಡೆದಿದೆ. ಆದರೆ ಮಾಡಿದ್ದು ಸರ್ಕಾರದ ಕಾರ್ಖಾನೆಗಳು.

ಬ್ರಿಟಿಷರ ಕಾಲದಲ್ಲಿ .303 ಲೀ-ಎನ್‌ಫೀಲ್ಡ್ ರೈಫಲ್‌ಗಳನ್ನು .22 ತಾಲೀಮು ರೈಫಲ್ ಆಗಿ ಬದಲಿಸುತ್ತಿದ್ದರು. ಅದರಲ್ಲಿ ಹೆಸರಾದದ್ದು ನಂ. 2 ಮಾರ್ಕ್ 4. ಹೊರಗಿನಿಂದ ನೋಡಿದರೆ ಥೇಟ್ .303. ಒಳಗಿನ ನಳಿಗೆ .22ರದ್ದು, ಬೋಲ್ಟಿನ ತಲೆ ಬೇರೆ. ಒಂದೊಂದೇ ತೋಟಾ ಕೈಯಲ್ಲಿ ಹಾಕಬೇಕು. ಮ್ಯಾಗಜಿನ್ ಡಬ್ಬಿ ಇರುತ್ತಿತ್ತು, ಆದರೆ ಅದು ಖಾಲಿ ಕೊಟ್ಟೆ ಬೀಳಲು ಮಾತ್ರ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದವರಿಗೆ .22 ರೈಫಲ್ ಅಂದ್ರೆ ಗೊತ್ತಿರುತ್ತೆ. ನೆಲದ ಮೇಲೆ ಮಲಗಿ 25 ಗಜ ದೂರದ ಗುರಿಗೆ ಐದು ಗುಂಡು ಹೊಡೆದ ನೆನಪು ಬಹಳ ಕೆಡೆಟ್‌ಗಳಿಗೆ ಇದೆ.

ಇನ್ನೊಂದು ಉದಾಹರಣೆ ಬಂಗಾಳದ ಇಷಾಪುರ ರೈಫಲ್ ಕಾರ್ಖಾನೆಯದು. ಅಲ್ಲಿ .303 ರೈಫಲ್‌ಗಳ ನಳಿಗೆಯ ಒಳಗೀರು ತೆಗೆದು, ನುಣುಪು ಮಾಡಿ, .410 ಮಸ್ಕೆಟ್ ಆಗಿ ಬದಲಿಸಿದರು. ಮ್ಯಾಗಜಿನ್ ಜಾಗಕ್ಕೆ ಮರದ ತುಂಡು ಹಾಕಿ, ಒಂದು ಸಲಕ್ಕೆ ಒಂದೇ ತೋಟಾ ಅನ್ನುವ ಹಾಗೆ ಮಾಡಿದರು. ಜೈಲು ಕಾವಲಿಗೆ, ಪೊಲೀಸ್ ಕಾವಲಿಗೆ ಅದು ಬಳಕೆಯಾಯಿತು. ವಿಚಿತ್ರ ಏನಪ್ಪಾ ಅಂದ್ರೆ, ಬಲ ಕಮ್ಮಿ ಮಾಡಿದ ಆ .410 ಮಸ್ಕೆಟ್ಟನ್ನೂ ಕಾನೂನು ಜನಸಾಮಾನ್ಯರಿಗೆ ಕೊಡಲ್ಲ. ಅದು ಇವತ್ತಿಗೂ ನಿಷೇಧಿತ ಪಟ್ಟಿಯಲ್ಲಿದೆ. ಬಂದೂಕಿನ ಬಲ ಕಮ್ಮಿ ಆಯ್ತು ಅಂದ ಮಾತ್ರಕ್ಕೆ ಕಾನೂನು ಸಡಿಲ ಆಗಲ್ಲ ಅನ್ನೋದಕ್ಕೆ ಇದೇ ಸಾಕ್ಷಿ.

ನಮ್ಮ ಕಡೆಯ ಬಂದೂಕಿಗೆ ಹೊಂದುತ್ತಾ?

ಕೊಳ್ಳೇಗಾಲ ಸೀಮೆಗೆ ಬಂದೂಕು ಹೊಸದಲ್ಲ. 1956ರವರೆಗೂ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಫಿ ತೋಟ ಮಾಡಿದ್ದ ಆರ್.ಸಿ. ಮಾರಿಸ್, ಬೆಂಗಳೂರಿನ ಕೆನೆತ್ ಆಂಡರ್ಸನ್ ಮುಂತಾದವರು ಈ ಕಾಡುಗಳಲ್ಲಿ ರೈಫಲ್ ಹಿಡಿದು ಓಡಾಡಿದವರು. ಆಗ ಬೇಟೆಗೂ ಲೈಸೆನ್ಸ್ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕಾಲ ಮುಗಿಯಿತು.

ಈಗ ರೈತರ ಹತ್ತಿರ ಲೈಸೆನ್ಸ್ ಇರುವ ಬಂದೂಕು ಅಂದ್ರೆ ಹೆಚ್ಚಾಗಿ ಮೂರು ಬಗೆ. ಮುಂದಿನಿಂದ ಮದ್ದು ತುಂಬಿ ಕೇಪು ಇಡುವ ಒಂಟಿ ನಳಿಗೆ ಬಂದೂಕು, ಅಂದರೆ ಕಾಗದದಲ್ಲಿ ಎಸ್‌ಬಿಎಂಎಲ್. ಹಿಂದಿನಿಂದ ತೋಟಾ ಹಾಕುವ ಒಂಟಿ ನಳಿಗೆ ಎಸ್‌ಬಿಬಿಎಲ್. ಜೋಡಿ ನಳಿಗೆ ಡಿಬಿಬಿಎಲ್. ಇವು ಮೂರೂ ರೈಫಲ್ ಅಲ್ಲ. ನಳಿಗೆ ಒಳಗೆ ನುಣುಪಾಗಿರುತ್ತೆ. ರೈಫಲ್ ಅನ್ನಬೇಕಾದರೆ ಒಳಗೆ ಸುರುಳಿ ಗೀರು ಇರಬೇಕು, ಗುಂಡು ತಿರುಗುತ್ತಾ ಹೋಗಬೇಕು.

12 ಬೋರ್ ನಳಿಗೆಯ ಒಳ ಅಗಲ ಸುಮಾರು 18.5 ಮಿ.ಮೀ. .22 ಗುಂಡು 5.6 ಮಿ.ಮೀ. ಎತ್ತಿನಗಾಡಿ ಹೋಗೋ ದಾರಿಯಲ್ಲಿ ಸೈಕಲ್ ಬಿಟ್ಟ ಹಾಗೆ. ಅದಕ್ಕೆ ಹೊಂದಬೇಕು ಅಂದ್ರೆ ಒಳಗೆ ಇನ್ನೊಂದು ಗೀರು ನಳಿಗೆ ಇಡಬೇಕು. ಅಂದರೆ ನುಣುಪು ನಳಿಗೆ ಬಂದೂಕನ್ನು ರೈಫಲ್ ಮಾಡಿದಂತಾಯಿತು.

ಸರ್ಕಾರಿ ಕಾರ್ಖಾನೆಯ .315 ರೈಫಲ್ ಇರುವ ಕೆಲವರ ಕಥೆಯೂ ಅಷ್ಟೇ. .315 ಅಂದ್ರೆ 8 ಮಿ.ಮೀ. ಅದರೊಳಗೆ .22 ಗುಂಡು ಗೀರಿಗೆ ತಾಗೋದೂ ಇಲ್ಲ. ವಿಡಿಯೊದಲ್ಲಿ ಕಂಡ ರೈಫಲ್‌ನ ಅನುಕೂಲ ಇದಕ್ಕಿಲ್ಲ.

ತಿಳಿಯದೆ ಮಾಡಿದರೆ ಆಗುವ ಅನಾಹುತ ಎರಡು. ಒಂದು, ಹೊಂದದ ಜಾಗದಲ್ಲಿ ತೋಟಾ ಉರಿದರೆ ತೆಳು ಕೊಟ್ಟೆ ಹರಿದು ಬಿಸಿ ಗಾಳಿ, ತಗಡಿನ ಚೂರು ಹಿಂದಕ್ಕೆ ಬರುತ್ತೆ. ಹಿಂದೆ ಇರೋದು ಹೊಡೆಯುವವನ ಕಣ್ಣು. ಎರಡು, ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡು ಅದು ಗೊತ್ತಾಗದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತೆ, ಇಲ್ಲವೇ ಸಿಡಿಯುತ್ತೆ. ನಳಿಗೆ ಕೆಳಗೆ ಇರೋದು ಎಡಗೈ.

ಕಾನೂನು ಏನು ಹೇಳುತ್ತೆ?

1959ರ ಶಸ್ತ್ರಾಸ್ತ್ರ ಕಾಯ್ದೆ ಈ ವಿಷಯಕ್ಕೆ ಮೂಲ. ಅದಕ್ಕೆ 2019ರ ಡಿಸೆಂಬರ್‌ನಲ್ಲಿ ಬಿಗಿ ತಿದ್ದುಪಡಿ ಬಂತು. ಕಿಟ್ ವಿಚಾರಕ್ಕೆ ಬೇಕಾದ ಕಲಮುಗಳು ಇಷ್ಟು.

ಬಿಡಿಭಾಗವೂ ಶಸ್ತ್ರವೇ: ಕಾಯ್ದೆಯ 2ನೇ ಕಲಂ "ಶಸ್ತ್ರ" ಎಂಬ ಪದದ ಅರ್ಥ ಹೇಳುವಾಗ ಅದರ ಬಿಡಿಭಾಗಗಳನ್ನೂ ಸೇರಿಸಿದೆ. ಬೋಲ್ಟು, ನಳಿಗೆ, ಒಳನಳಿಗೆ ಎಲ್ಲವೂ ಅದರೊಳಗೆ ಬರುತ್ತೆ. "ಬರೀ ಕಿಟ್ ತರಿಸ್ದೆ, ಬಂದೂಕ್ ತರಿಸ್ಲಿಲ್ಲ" ಅನ್ನೋ ಮಾತು ನಿಲ್ಲಲ್ಲ.

ಬದಲಿಸೋದಕ್ಕೂ ಲೈಸೆನ್ಸ್ ಬೇಕು: 5ನೇ ಕಲಂ ಪ್ರಕಾರ ಬಂದೂಕು ತಯಾರಿಸಲು, ಮಾರಲು, ಬದಲಿಸಲು, ರಿಪೇರಿ ಮಾಡಲು ಪ್ರತ್ಯೇಕ ಪರವಾನಗಿ ಬೇಕು. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ಬಂದೂಕಿಗೆ ಕೈಹಾಕಿ ಕೆಲಸ ಮಾಡುವ ಲೈಸೆನ್ಸ್ ಬೇರೆ.

ಒಂದು ವರ್ಗದಿಂದ ಇನ್ನೊಂದಕ್ಕೆ ಬದಲಾವಣೆ: 6ನೇ ಕಲಂ ಹಿಂದೆ ನಳಿಗೆ ಕತ್ತರಿಸೋದು, ನಕಲಿ ಬಂದೂಕನ್ನು ಅಸಲಿ ಮಾಡೋದು ಇವೆರಡನ್ನೇ ಹೇಳುತ್ತಿತ್ತು. 2019ರ ತಿದ್ದುಪಡಿಯಲ್ಲಿ ಒಂದು ಸಾಲು ಸೇರಿತು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಹೇಳಿರುವ ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಬದಲಿಸುವುದೂ ಈಗ ಅಪರಾಧ. ಆ ನಿಯಮಗಳ ಪಟ್ಟಿಯಲ್ಲಿ .22 ರಿಮ್‌ಫೈರ್ ರೈಫಲ್ ಒಂದು ಸಾಲಿನಲ್ಲಿದೆ, ಉಳಿದ ರೈಫಲ್‌ಗಳು ಬೇರೆ ಸಾಲಿನಲ್ಲಿವೆ. ಕಿಟ್ ಹಾಕಿಸೋದು ಅಂದ್ರೆ ಆ ಸಾಲು ದಾಟಿಸೋದು.

ಶಿಕ್ಷೆ: 5 ಮತ್ತು 6ನೇ ಕಲಂ ಮುರಿದರೆ 25ನೇ ಕಲಂ ಅಡಿ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ, ಜತೆಗೆ ದಂಡ. 2019ಕ್ಕೆ ಮೊದಲು ಇದು 3ರಿಂದ 7 ವರ್ಷ ಇತ್ತು. ಹೊರದೇಶದಿಂದ ಲೈಸೆನ್ಸ್ ಇಲ್ಲದೆ ತರಿಸಿದರೂ ಇದೇ ಶಿಕ್ಷೆ.

ತೋಟಾ ಕೂಡ: ಲೈಸೆನ್ಸ್ ಪುಸ್ತಕದಲ್ಲಿ ಯಾವ ಬೋರಿನ ಬಂದೂಕು, ಎಷ್ಟು ತೋಟಾ ಅಂತ ಬರೆದಿರುತ್ತೆ. .315 ಅಥವಾ 12 ಬೋರ್ ಲೈಸೆನ್ಸ್ ಇಟ್ಟುಕೊಂಡವರ ಮನೆಯಲ್ಲಿ .22 ತೋಟಾ ಸಿಕ್ಕರೆ ಅದು ಲೈಸೆನ್ಸ್ ಇಲ್ಲದ ತೋಟಾ. ಅದಕ್ಕೆ 2ರಿಂದ 5 ವರ್ಷ ಶಿಕ್ಷೆ. ಕಿಟ್ ಹಾಕಿಸದೇ ಇದ್ದರೂ ಬರೀ ತೋಟಾಕ್ಕೇ ಕೇಸು ಆಗುತ್ತೆ.

.22 ಯಾರಿಗೆ ಕೊಡ್ತಾರೆ?

ಇದಕ್ಕೆ ಕಾಯ್ದೆಯಲ್ಲೇ ಉತ್ತರ ಇದೆ. 13ನೇ ಕಲಂ ಯಾವ ಬಂದೂಕಿಗೆ ಯಾವ ಕಾರಣಕ್ಕೆ ಲೈಸೆನ್ಸ್ ಅಂತ ಬಿಡಿಸಿ ಹೇಳುತ್ತೆ. ಬೆಳೆ ರಕ್ಷಣೆಗೆ ಮುಂದಿನಿಂದ ಮದ್ದು ತುಂಬುವ ಬಂದೂಕು. ಅದು ಸಾಲದು ಅಂತ ಲೈಸೆನ್ಸ್ ಕೊಡುವ ಅಧಿಕಾರಿಗೆ ಮನವರಿಕೆ ಆದರೆ ಬೇರೆ ನುಣುಪು ನಳಿಗೆ ಬಂದೂಕು. .22 ರೈಫಲ್ಲನ್ನು ಅದೇ ಕಲಂ ಹೆಸರು ಹಿಡಿದು ಹೇಳೋದು ರೈಫಲ್ ಕ್ಲಬ್ ಅಥವಾ ರೈಫಲ್ ಸಂಸ್ಥೆಯ ಸದಸ್ಯರ ಗುರಿ ಅಭ್ಯಾಸಕ್ಕೆ. ಬೆಳೆ ಕಾಯೋದಕ್ಕೆ .22 ಅಂತ ಆ ಕಲಮಿನಲ್ಲಿ ಎಲ್ಲೂ ಇಲ್ಲ.

ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಬಳಸೋದು ಇದೇ .22 ತೋಟಾ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆಗೆ ಕಂಚು ಬಂದದ್ದು ಇದರಲ್ಲೇ. .22ರ ಜಾಗ ಶೂಟಿಂಗ್ ರೇಂಜು, ಹೊಲದ ಬದು ಅಲ್ಲ.

"ಕೊಡಗಿನವರಿಗೆ ಲೈಸೆನ್ಸೇ ಬೇಡ್ವಂತೆ, ನಮಗ್ಯಾಕೆ?" ಅನ್ನೋ ಪ್ರಶ್ನೆ ಚಹಾ ಅಂಗಡಿಯಲ್ಲಿ ಏಳುತ್ತಲೇ ಇರುತ್ತೆ. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಚಾಮರಾಜನಗರ ಜಿಲ್ಲೆಗೆ ಅದು ಅನ್ವಯಿಸಲ್ಲ.

ಲೇತ್, ವೆಲ್ಡಿಂಗ್, ಕೊರಿಯರ್ ಅಂಗಡಿಯವರೇ ಗಮನಿಸಿ

ಪರಿಚಯದವರು ಒಂದು ಪೈಪು, ಒಂದು ಅಳತೆ ಚೀಟಿ ಹಿಡಿದು ಬರುತ್ತಾರೆ. "ಇಷ್ಟು ಉದ್ದ, ಇಷ್ಟು ದಪ್ಪ, ಒಳಗೆ ತೂತು ಹೊಡ್ಕೊಡಿ" ಅಂತಾರೆ. ಬೋರ್‌ವೆಲ್ ಸಾಮಾನೋ ಟ್ರ್ಯಾಕ್ಟರ್ ಬುಷ್ಷೋ ಅಂತ ಮಾಡಿಕೊಟ್ಟು ಇನ್ನೂರೋ ಮುನ್ನೂರೋ ಇಸ್ಕೊಂಡು ಸುಮ್ಮನಾಗಬಹುದು. ಆದರೆ ಅದು ಬಂದೂಕಿನ ಭಾಗ ಅಂತ ಗೊತ್ತಿದ್ದೂ ಮಾಡಿಕೊಟ್ಟರೆ 5ನೇ ಕಲಂ ಅಂಗಡಿಯವರ ಮೇಲೇ ನೇರ ಬೀಳುತ್ತೆ. ನಾಳೆ ನಾಡಬಂದೂಕು ಕೇಸಿನಲ್ಲಿ ಒಬ್ಬ ಸಿಕ್ಕಿಬಿದ್ದರೆ ಪೊಲೀಸರು ಕೇಳುವ ಮೊದಲ ಪ್ರಶ್ನೆ, "ಇದ ಯಾರು ಮಾಡ್ಕೊಟ್ರು?"

ಹಾಗಾಗಿ ಕೆಲವು ಎಚ್ಚರಿಕೆ:

ಬಂದೂಕಿನ ಯಾವ ಭಾಗವನ್ನೂ ರಿಪೇರಿಗೆ ತೆಗೆದುಕೊಳ್ಳಬೇಡಿ. ಪಿನ್ನು ಸವೆದಿದೆ, ಕುದುರೆ ಸ್ಪ್ರಿಂಗ್ ಹೋಗಿದೆ ಅಂದರೂ ಬೇಡ. ಅದಕ್ಕೆ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರೇ ಇದ್ದಾರೆ, ಅಲ್ಲಿಗೆ ಕಳಿಸಿ.

ಗೀರು ಕೊರೆದ ನಳಿಗೆ, ತೋಟಾ ಕೂರುವ ಅಳತೆಯ ತೂತು, ಇಂಥದ್ದು ಕೇಳಿದರೆ ಯಾವುದಕ್ಕೆ ಅಂತ ಕೇಳಿ. ಉತ್ತರ ಸರಿ ಕಾಣದಿದ್ದರೆ "ಆಗಲ್ಲ" ಅಂದುಬಿಡಿ. ಗಿರಾಕಿ ಹೋದರೆ ಇನ್ನೊಬ್ಬ ಬರುತ್ತಾನೆ.

ಕೊರಿಯರ್ ಅಂಗಡಿಯವರು, ಬೇರೆಯವರ ಹೆಸರಿಗೆ ಬಂದ ಪಾರ್ಸೆಲ್ ತಮ್ಮ ಹೆಸರಲ್ಲಿ ಇಳಿಸಿಕೊಳ್ಳುವವರು, ಊರಿನ ಹುಡುಗರಿಗೆ ತಮ್ಮ ಫೋನಿನಿಂದ ಆನ್‌ಲೈನ್ ಆರ್ಡರ್ ಮಾಡಿಕೊಡುವ ಮೊಬೈಲ್ ಅಂಗಡಿಯವರು ಪಾರ್ಸೆಲ್ ಒಳಗೇನಿದೆ ಅಂತ ತಿಳಿದುಕೊಳ್ಳಿ. ಕಾಗದದ ಮೇಲೆ ಇರುವ ಹೆಸರಿನವರೇ ಮೊದಲು ಉತ್ತರ ಹೇಳಬೇಕಾಗುತ್ತೆ.

10 ಕಿ.ಮೀ. ನಿಯಮ: ಬಹಳ ಜನಕ್ಕೆ ಗೊತ್ತಿಲ್ಲದ್ದು

ನಮ್ಮ ಮೂರು ತಾಲ್ಲೂಕುಗಳಿಗೆ ಇನ್ನೊಂದು ಕಾನೂನು ಸೇರಿಕೊಳ್ಳುತ್ತೆ. ಹನೂರಿನ ಸುತ್ತ ಮಲೆ ಮಹದೇಶ್ವರ ವನ್ಯಧಾಮ ಇದೆ, 2013ರಲ್ಲಿ ಘೋಷಣೆಯಾದದ್ದು, 906 ಚದರ ಕಿ.ಮೀ. ಉತ್ತರಕ್ಕೆ ಕಾವೇರಿ ವನ್ಯಧಾಮ. ಯಳಂದೂರು ಕಡೆಗೆ ಬಿಆರ್‌ಟಿ ಹುಲಿ ಸಂರಕ್ಷಿತ ಪ್ರದೇಶ.

ವನ್ಯಜೀವಿ ಕಾಯ್ದೆಯ 34ನೇ ಕಲಂ ಪ್ರಕಾರ ವನ್ಯಧಾಮದ ಒಳಗೆ ಅಥವಾ ಅದರಿಂದ 10 ಕಿ.ಮೀ. ಒಳಗೆ ವಾಸಿಸುವ ಬಂದೂಕು ಪರವಾನಗಿದಾರರು ಮುಖ್ಯ ವನ್ಯಜೀವಿ ಪರಿಪಾಲಕರ ಬಳಿ ಹೆಸರು ನೋಂದಾಯಿಸಿಕೊಳ್ಳಬೇಕು. ಅದೇ 10 ಕಿ.ಮೀ. ಒಳಗೆ ಹೊಸ ಲೈಸೆನ್ಸ್ ಕೊಡಬೇಕಾದರೆ ಅವರ ಒಪ್ಪಿಗೆ ಮೊದಲೇ ಸಿಕ್ಕಿರಬೇಕು. ಮೀಣ್ಯಂ, ಹೂಗ್ಯಂ, ರಾಮಾಪುರ, ಕೌದಳ್ಳಿ, ಪೊನ್ನಾಚಿ, ಮಾರ್ಟಳ್ಳಿ, ಲೊಕ್ಕನಹಳ್ಳಿ ಸೇರಿ ಹನೂರು ತಾಲ್ಲೂಕಿನ ಬಹುತೇಕ ಊರು ಈ ಅಳತೆಯೊಳಗೆ ಬರುತ್ತವೆ. ಬಿಆರ್‌ಟಿ ಬುಡದ ಯಳಂದೂರಿನ ಊರುಗಳೂ ಅಷ್ಟೇ.

31ನೇ ಕಲಂ ಇನ್ನೂ ನೇರ. ಲಿಖಿತ ಅನುಮತಿ ಇಲ್ಲದೆ ಯಾವ ಆಯುಧವನ್ನೂ ಹಿಡಿದು ವನ್ಯಧಾಮದೊಳಗೆ ಹೋಗುವ ಹಾಗಿಲ್ಲ. ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ಹತ್ತುವ ರಸ್ತೆಯ ಎರಡು ಕಡೆಯೂ ವನ್ಯಧಾಮವೇ. ಬಂದೂಕಿಗೆ ಲೈಸೆನ್ಸ್ ಇದೆ ಅನ್ನೋದು ಕಾಡಿಗೆ ಹೋಗಲು ಲೈಸೆನ್ಸ್ ಅಲ್ಲ.

ವನ್ಯಧಾಮದೊಳಗೆ ಬೇಟೆ ಆಡಿದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25 ಸಾವಿರ ರೂಪಾಯಿ ದಂಡ. ಬಳಸಿದ ಬಂದೂಕು, ಗಾಡಿ ಸರ್ಕಾರದ ಪಾಲು. ಪ್ರಾಣಿ ಸತ್ತಿರಲೇಬೇಕು ಅಂತಲೂ ಇಲ್ಲ. ಹೊಡೆಯಲು ಯತ್ನಿಸಿದರೂ ಕಾನೂನಿನಲ್ಲಿ ಬೇಟೆಯೇ. ಇಂಥ ಕಡೆ ಸದ್ದು ಕಮ್ಮಿ ಮಾಡುವ .22 ಒಳನಳಿಗೆ ಹಾಕಿದ ಬಂದೂಕು ಸಿಕ್ಕರೆ "ಹಂದಿ ಓಡ್ಸಕ್ಕೆ" ಅಂದರೆ ಯಾರು ನಂಬುತ್ತಾರೆ?

ಈ ಸೀಮೆಯಲ್ಲಿ ಬಂದೂಕಿನ ಮೇಲೆ ಇಷ್ಟು ಕಣ್ಣು ಯಾಕೆ ಅಂತ ಹಿರಿಯರಿಗೆ ಹೇಳಬೇಕಾಗಿಲ್ಲ. 1992ರಲ್ಲಿ ರಾಮಾಪುರ ಪೊಲೀಸ್ ಠಾಣೆ ಮೇಲೆ ವೀರಪ್ಪನ್ ತಂಡ ದಾಳಿ ಮಾಡಿ ಪೊಲೀಸರನ್ನು ಕೊಂದು ಬಂದೂಕು ಹೊತ್ತೊಯ್ದದ್ದು, 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬಿಗೆ 22 ಜನ ಸತ್ತದ್ದು ಅವರ ಕಣ್ಣೆದುರೇ ನಡೆದದ್ದು.

ಹಂದಿಗೆ .22 ಸಾಕಾ?

ಕಾನೂನು ಬಿಟ್ಟು ಬರೀ ಲೆಕ್ಕ ನೋಡಿದರೂ ಸಾಲಲ್ಲ. ಬೆಳೆದ ಕಾಡುಹಂದಿಯ ಭುಜದ ಚರ್ಮ, ಅದರ ಕೆಳಗಿನ ಕೊಬ್ಬು ದಪ್ಪ. .22 ಗುಂಡು ಹಂದಿಯನ್ನು ಬೀಳಿಸೋದಕ್ಕಿಂತ ಗಾಯ ಮಾಡಿ ಕಳಿಸೋದೇ ಹೆಚ್ಚು. ಗಾಯದ ಹಂದಿ ಪೊದೆ ಸೇರಿಕೊಂಡರೆ ಬೆಳಗ್ಗೆ ಸೌದೆಗೆ, ದನ ಮೇಯಿಸಲು ಹೋದವರ ಮೇಲೆ ಬೀಳುತ್ತೆ. ಆನೆ ವಿಚಾರ ಮಾತಾಡೋದೇ ಬೇಡ. ಸಣ್ಣ ಗುಂಡು ತಾಗಿದ ಆನೆ ಓಡಲ್ಲ, ತಿರುಗುತ್ತೆ.

ರೈತರ ಕಷ್ಟ ಸುಳ್ಳಲ್ಲ. ಮೂರು ತಿಂಗಳು ಕಾದ ಮುಸುಕಿನ ಜೋಳ, ಮರಗೆಣಸು ಒಂದೇ ರಾತ್ರಿಗೆ ಹೋದರೆ ಹೊಟ್ಟೆ ಉರಿಯದೆ ಇರುತ್ತಾ? ಆದರೆ ಸಿಟ್ಟಿನಲ್ಲಿ ಹಿಡಿದ ಅಡ್ಡದಾರಿ ಎಲ್ಲಿಗೆ ತಲುಪಿಸುತ್ತೆ ಅಂತ 2025ರ ಜೂನ್‌ನಲ್ಲಿ ಇಡೀ ರಾಜ್ಯ ನೋಡಿತು. ಹೂಗ್ಯಂ ವಲಯದ ಮೀಣ್ಯಂ ಕಾಡಿನಲ್ಲಿ ತಾಯಿ ಹುಲಿ, ನಾಲ್ಕು ಮರಿ ವಿಷಕ್ಕೆ ಸತ್ತವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಹಾಕಿದ ಆರೋಪದಲ್ಲಿ ಸ್ಥಳೀಯರ ಬಂಧನವಾಯಿತು. ಹಸುವೂ ಹೋಯಿತು, ಮನೆಯವರೂ ಜೈಲು, ಕೋರ್ಟು ಅಂತ ಅಲೆಯುವಂತಾಯಿತು.

ಹಾಗಾದ್ರೆ ಸರಿಯಾದ ದಾರಿ ಏನು?

ಬೆಳೆ ಹಾನಿ ಆದರೆ: ಅದೇ ದಿನ ಫೋಟೊ ತೆಗೆದು, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಇಟ್ಟು ಹತ್ತಿರದ ವಲಯ ಅರಣ್ಯ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ತಡ ಮಾಡಿದಷ್ಟೂ ಹೆಜ್ಜೆ ಗುರುತು, ಹಾನಿಯ ಗುರುತು ಅಳಿಸಿಹೋಗುತ್ತೆ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಇಸ್ಕೊಳ್ಳಿ.

ಒಂದು ಪ್ರಾಣಿಯ ಕಾಟ ಮಿತಿಮೀರಿದರೆ: ಕಾಡುಹಂದಿಯಂಥ 2ನೇ ಅನುಸೂಚಿಯ ಪ್ರಾಣಿ ಜನರಿಗೆ ಅಥವಾ ಬೆಳೆಗೆ ಅಪಾಯ ಅಂತ ಕಂಡರೆ 11ನೇ ಕಲಂ ಅಡಿ ಅರಣ್ಯ ಇಲಾಖೆಯ ಅಧಿಕಾರಿ ಕಾರಣ ಬರೆದು ಲಿಖಿತ ಆದೇಶ ಕೊಡಬಹುದು. ಆದೇಶ ಕೈಗೆ ಬರುವ ತನಕ ಯಾರೂ ಹೊಡೆಯುವ ಹಾಗಿಲ್ಲ. ಊರಿನವರು ಒಟ್ಟಾಗಿ ಗ್ರಾಮ ಪಂಚಾಯಿತಿ ಮೂಲಕ ಅರ್ಜಿ ಕೊಟ್ಟರೆ ಒಬ್ಬರ ಅರ್ಜಿಗಿಂತ ತೂಕ ಹೆಚ್ಚು.

ಬೆಳೆ ರಕ್ಷಣೆಗೆ ಬಂದೂಕು ಬೇಕಾದರೆ: ಅರ್ಜಿ ಹೋಗಬೇಕಾದದ್ದು ಚಾಮರಾಜನಗರದ ಜಿಲ್ಲಾಧಿಕಾರಿಗೆ. ಪೊಲೀಸ್ ವರದಿ ಬೇಕು, ಮೇಲೆ ಹೇಳಿದ 10 ಕಿ.ಮೀ. ಒಳಗಿದ್ದರೆ ಅರಣ್ಯ ಇಲಾಖೆ ಒಪ್ಪಿಗೆ ಬೇಕು. 2016ರ ನಿಯಮಗಳ ಪ್ರಕಾರ ಬಂದೂಕು ಸುರಕ್ಷತಾ ತರಬೇತಿಯ ಪ್ರಮಾಣಪತ್ರವೂ ಬೇಕು. ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತೆ. ಲೈಸೆನ್ಸ್ ಅವಧಿ ಈಗ 5 ವರ್ಷ.

ತಾತನ ಬಂದೂಕು ಮನೆಯಲ್ಲಿದ್ದರೆ: ಲೈಸೆನ್ಸ್ ಹೊಂದಿದ್ದವರು ತೀರಿಕೊಂಡ ಮೇಲೆ ಅದು ತಾನಾಗಿ ಮಗನಿಗೋ ಮೊಮ್ಮಗನಿಗೋ ಬರಲ್ಲ. ಬಂದೂಕನ್ನು ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿ ಬಳಿಯೋ ಠೇವಣಿ ಇಟ್ಟು, ವಾರಸುದಾರರು ಹೊಸದಾಗಿ ಅರ್ಜಿ ಹಾಕಬೇಕು. ಒಬ್ಬರಿಗೆ ಹೆಚ್ಚೆಂದರೆ 2 ಬಂದೂಕು. ಮೊದಲು 3 ಇತ್ತು, 2019ರಲ್ಲಿ ಇಳಿಸಿದರು.

ಬಂದೂಕು ಹಳತಾಗಿ ಬದಲಿಸಬೇಕು ಅನ್ನಿಸಿದರೆ: ಅದನ್ನು ಬಿಚ್ಚಿ ಬೇರೆ ಮಾಡಿಸಬೇಡಿ. ಜಿಲ್ಲಾಧಿಕಾರಿ ಕಚೇರಿಯ ಅನುಮತಿ ಪಡೆದು ಲೈಸೆನ್ಸ್ ಇರುವ ವ್ಯಾಪಾರಿಗೆ ಮಾರಿ, ಬೇರೆ ಬಂದೂಕು ತೆಗೆದುಕೊಂಡು, ಅದನ್ನು ಪುಸ್ತಕದಲ್ಲಿ ಬರೆಸಿಕೊಳ್ಳಿ.

ಮಕ್ಕಳಿಗೆ ಗುರಿ ಹೊಡೆಯುವ ಆಸೆ ಇದ್ದರೆ: ಶಾಲೆ, ಕಾಲೇಜಿನ ಎನ್‌ಸಿಸಿ ಇದೆ, ಶೂಟಿಂಗ್ ಕ್ಲಬ್‌ಗಳಿವೆ. .177 ಬೋರಿನ, 20 ಜೂಲ್ ಒಳಗಿನ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಆದರೆ ಅದರಲ್ಲೂ ನವಿಲಿಗೋ ಮೊಲಕ್ಕೋ ಹೊಡೆದರೆ ವನ್ಯಜೀವಿ ಕಾಯ್ದೆ ಬಿಡಲ್ಲ. ಅದನ್ನು ಹಿಡಿದು ವನ್ಯಧಾಮದೊಳಗೆ ಹೋಗುವಂತೆಯೂ ಇಲ್ಲ.

ಈಗಾಗಲೇ ಇಂಥ ಕಿಟ್ಟೋ ಒಳನಳಿಗೆಯೋ .22 ತೋಟಾವೋ ಮನೆಯಲ್ಲಿದ್ದರೆ ಅದನ್ನು ಬಾವಿಗೆ ಎಸೆಯೋದು, ಬೇರೆಯವರಿಗೆ ದಾಟಿಸೋದು ಮಾಡಬೇಡಿ. ದಾಟಿಸಿದರೆ ಎರಡು ಮನೆಗೆ ಕೇಸು. ಒಬ್ಬ ವಕೀಲರನ್ನು ಜೊತೆಗೆ ಕರೆದುಕೊಂಡು ಠಾಣೆಗೆ ಹೋಗಿ ಒಪ್ಪಿಸಿ, ರಸೀದಿ ಪಡೆಯೋದೇ ಸರಿಯಾದ ದಾರಿ.

ವಿಡಿಯೊ ಮಾಡಿದವನ ದೇಶದ ಕಾನೂನು ಬೇರೆ, ಬಂದೂಕು ಬೇರೆ, ಕಾಡು ಬೇರೆ. ಇಲ್ಲಿ ಅಟ್ಟಣೆ ಮೇಲೆ ಕೂತವರಿಗೆ ಬೇಕಿರೋದು ಬೆಳೆ ಉಳಿಯೋದು. ಜೋಳ ಈ ಸಲ ಹೋದರೆ ಮುಂದಿನ ಮಳೆಗೆ ಮತ್ತೆ ಬಿತ್ತಬಹುದು. ಏಳು ವರ್ಷ ಒಳಗೆ ಹೋದರೆ ಬಿತ್ತೋರು ಯಾರು?